ರಾಜಕೀಯವೆಂದು ತಪ್ಪಾಗಿ ಬಗೆದ ಹಾಡುಗಳು

ಕಟ್ಟಿದವರ ಉದ್ದೇಶದಲ್ಲಾಗಲಿ ಹಾಡಿನ ಮಾತಿನಲ್ಲಾಗಲಿ ಇಲ್ಲದ ರಾಜಕೀಯ ಅಭಿಪ್ರಾಯವನ್ನು ಕೇಳುಗರು, ಪತ್ರಿಕೆಗಳು, ಪಕ್ಷಗಳು ಇಲ್ಲವೆ ಸರಕಾರಗಳು ಹೊರಿಸಿದ ಹಾಡುಗಳ ವರ್ಗವಿದು. ದೇವರನಾಮ, ತತ್ತ್ವಪದ, ಮಕ್ಕಳ ಹಾಡು, ಹಬ್ಬದ ಕರೆ, ಪ್ರೇಮಗೀತೆ, ಸಿನಿಮಾ ಹಾಡು ಎಲ್ಲವೂ ಈ ಪಾಡಿಗೆ ಒಳಗಾಗಿವೆ. ಇದರ ಪಕ್ಕದಲ್ಲೇ ಇರುವ ಎರಡು ವರ್ಗಗಳನ್ನು ಮೊದಲೇ ಬೇರ್ಪಡಿಸಿಕೊಳ್ಳುವುದು ಒಳ್ಳೆಯದು. ರಾಜಕೀಯವನ್ನು ಬೇಕೆಂದೇ ಮರೆಯಲ್ಲಿಟ್ಟು ಹೇಳಿದ ಹಾಡುಗಳದು ಒಂದು ವರ್ಗ. 1943ರ ‘ಕಿಸ್ಮತ್’ ಚಿತ್ರಕ್ಕೆ ಕವಿ ಪ್ರದೀಪ್ ಬರೆದ ‘ದೂರ್ ಹಟೋ’ ಹಾಡು ಜರ್ಮನಿ, ಜಪಾನುಗಳ ಹೆಸರೆತ್ತಿ ಬ್ರಿಟಿಷ್ ಸೆನ್ಸಾರಿನವರನ್ನು ದಾಟಿ ಬಂತು. ಅದು ಯಾರಿಗೆ ಹೇಳಿದ್ದೆಂದು ಚಿತ್ರಮಂದಿರದ ಜನಕ್ಕೆ ತಿಳಿದಿತ್ತು. ಅಲ್ಲಿ ರಾಜಕೀಯ ಕಂಡವರು ತಪ್ಪಿದವರಲ್ಲ. ಒಂದು ಚಳವಳಿ ಕೈಗೆತ್ತಿಕೊಂಡು ತನ್ನದಾಗಿಸಿಕೊಂಡ ಹಾಡುಗಳದು ಇನ್ನೊಂದು ವರ್ಗ. ಕುವೆಂಪು ಅವರ ‘ನೇಗಿಲಯೋಗಿ’ ರೈತರ ಸಭೆಗಳಲ್ಲಿ ಮೊಳಗಿದರೆ ಅದು ಆ ಕವಿತೆಯ ಬಾಳಿನ ಒಂದು ಘಟ್ಟವೇ ಹೊರತು ಯಾರ ತಪ್ಪೂ ಅಲ್ಲ. ಬಳಕೆಯಲ್ಲಿ ಬಂದ ಅರ್ಥವನ್ನು ಕಟ್ಟಿದವರ ತಲೆಗೆ ಕಟ್ಟುವಲ್ಲಿ ತಪ್ಪು ಮೊದಲಾಗುತ್ತದೆ.

ಕನ್ನಡದ ಮಟ್ಟಿಗೆ ಈ ವಿಷಯವನ್ನು ಗಡಿನಾಡಿನಿಂದ ನೋಡುವುದು ಹೆಚ್ಚು ಫಲಕಾರಿ. ಆದ್ದರಿಂದ ಈ ಲೇಖನ ಕಾಸರಗೋಡು ಜಿಲ್ಲೆಯ ಮುಳ್ಳೇರಿಯದ ಸುತ್ತಣ ಸೀಮೆಯನ್ನು ನೆಲೆಯಾಗಿಟ್ಟುಕೊಂಡಿದೆ.

ಗಡಿನಾಡಿನ ಕಿವಿ

ಮುಳ್ಳೇರಿಯವು ಚೆರ್ಕಳ–ಜಾಲ್ಸೂರು ರಸ್ತೆಯ ಮೇಲೆ ಕಾರಡ್ಕ ಪಂಚಾಯತಿಗೆ ಸೇರಿದ ಪೇಟೆ. ಕನ್ನಡ, ತುಳು, ಮಲೆಯಾಳ, ಹವ್ಯಕ ಕನ್ನಡ, ಮರಾಠಿ, ಕೊಂಕಣಿ ಮಾತುಗಳು ಒಂದೇ ಅಂಗಡಿಯ ಜಗಲಿಯಲ್ಲಿ ಕೇಳಿಬರುವ ಊರು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯಿಂದ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ವರದಿ ಕೊಟ್ಟು, ಚಂದ್ರಗಿರಿ ಹೊಳೆಯ ಬಡಗಣ ಭಾಗ ಕರ್ನಾಟಕಕ್ಕೆ ಸೇರಬೇಕೆಂದಿತು. ಅದು ಜಾರಿಯಾಗಲಿಲ್ಲ. 1984ರಲ್ಲಿ ಕಾಸರಗೋಡು ಕೇರಳದ ಪ್ರತ್ಯೇಕ ಜಿಲ್ಲೆಯಾಯಿತು. ಇಷ್ಟು ಚರಿತ್ರೆಯನ್ನು ಹೊತ್ತ ನೆಲದಲ್ಲಿ ಯಾವ ಭಾಷೆಯಲ್ಲಿ ಹಾಡುತ್ತೇವೆ ಎನ್ನುವುದೇ ಒಂದು ನಿಲುವಿನಂತೆ ಕೇಳಿಸುತ್ತದೆ. ಕೇರಳದ ಶಾಲಾ ಕಲೋತ್ಸವದಲ್ಲಿ ಕನ್ನಡ ಕಂಠಪಾಠವೂ ಒಂದು ಸ್ಪರ್ಧೆ, ಯಕ್ಷಗಾನವೂ ಒಂದು ಸ್ಪರ್ಧೆ. ಅಲ್ಲಿ ಮಗುವೊಂದು ಮಳೆಯ ಮೇಲಿನ ಕವಿತೆ ಹೇಳಿದರೂ ಅದನ್ನು ಭಾಷಾಭಿಮಾನದ ಮಾತಾಗಿ ಕೇಳುವವರು ಸಭೆಯಲ್ಲಿ ಇದ್ದೇ ಇರುತ್ತಾರೆ.

ಈ ಸೀಮೆಗೆ ನಿಜವಾದ ರಾಜಕೀಯ ಹಾಡು ಹೊಸತಲ್ಲ ಎನ್ನುವುದನ್ನೂ ನೆನೆಯಬೇಕು. 1932ರಲ್ಲಿ ಕಾರಡ್ಕದ ಕಾಡಗಂನಲ್ಲಿ ಅರಣ್ಯ ಸತ್ಯಾಗ್ರಹ ನಡೆಯಿತು. 1941ರ ಕಯ್ಯೂರು ಪ್ರಕರಣದಲ್ಲಿ ನಾಲ್ವರು ರೈತ ಹೋರಾಟಗಾರರನ್ನು 1943ರ ಮಾರ್ಚ್ 29ರಂದು ಗಲ್ಲಿಗೇರಿಸಿದರು. ಆ ಕತೆಯನ್ನು ನಿರಂಜನರು ‘ಚಿರಸ್ಮರಣೆ’ಯಲ್ಲಿ ಕನ್ನಡಕ್ಕೆ ತಂದರು. ಕಯ್ಯೂರಿನ ಮೇಲಿನ ಹಾಡುಗಳು ರಾಜಕೀಯವೇ ಸರಿ. ಹೋರಾಟದ ಹಾಡುಗಳನ್ನು ಕೇಳಿ ಪಳಗಿದ ಕಿವಿಗೆ ಹೋರಾಟವಿಲ್ಲದ ಹಾಡಿನಲ್ಲೂ ಅದೇ ದನಿ ಕೇಳುವುದು ಸಹಜ.

ಎರಡು ಮನೆಗಳ ಹಾಡು

ತಪ್ಪು ಓದು ಎಲ್ಲಿ, ಸರಿ ಓದು ಎಲ್ಲಿ ಎಂಬುದನ್ನು ಎರಡು ಕನ್ನಡ ಹಾಡುಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಚೆನ್ನಾಗಿ ಕಾಣಬಹುದು. ಎರಡರಲ್ಲೂ ಮನೆಯಿದೆ, ಎರಡರಲ್ಲೂ ಆ ಮನೆಗೆ ಕೇಡು ಒದಗಿದೆ.

ಮೊದಲನೆಯದು ಕಯ್ಯಾರ ಕಿಞ್ಞಣ್ಣ ರೈಯವರ (1915–2015) ‘ಬೆಂಕಿ ಬಿದ್ದಿದೆ ಮನೆಗೆ’. ಮುಳ್ಳೇರಿಯಕ್ಕೆ ಹತ್ತಿರದ ಬದಿಯಡ್ಕದ ಪೆರಡಾಲದಲ್ಲಿ ಅಧ್ಯಾಪಕರಾಗಿ, ಕೃಷಿಕರಾಗಿ ಬಾಳಿದ ಕಯ್ಯಾರರು ಕಾಸರಗೋಡು ಕೇರಳದ ಪಾಲಾದ ನೋವಿನಲ್ಲಿ ಅದನ್ನು ಬರೆದರು. ಇಲ್ಲಿನ ಮನೆ ಈ ನಾಡು, ಬೆಂಕಿ ಆ ತೀರ್ಮಾನ, ಕರೆಯುತ್ತಿರುವುದು ಕನ್ನಡಿಗರನ್ನು. ಕಾಸರಗೋಡಿನ ವಿಲೀನ ಚಳವಳಿಯ ಸಭೆಗಳಲ್ಲಿ ಅದು ಮತ್ತೆ ಮತ್ತೆ ಕೇಳಿಬಂದದ್ದು ಕವಿಯ ಇಷ್ಟದಂತೆಯೇ. ಕಯ್ಯಾರರು ಚಳವಳಿಯ ಕವಿಯಷ್ಟೇ ಅಲ್ಲ, ಅದರ ಮುಂದಾಳು ಕೂಡ. ಈ ಕವಿತೆಯನ್ನು ರಾಜಕೀಯವಲ್ಲವೆಂದು ಹೇಳಹೊರಟರೆ ಕವಿಗೆ ಅನ್ಯಾಯ ಮಾಡಿದಂತೆ.

ಎರಡನೆಯದು ಶಿಶುನಾಳ ಶರೀಫರ (1819–1889) ‘ಸೋರುತಿಹುದು ಮನೆಯ ಮಾಳಿಗೆ’. ಮಳೆಗಾಲದಲ್ಲಿ ಸರಕಾರಿ ಕಟ್ಟಡ ಸೋರಿದರೆ ಪತ್ರಿಕೆಗಳಿಗೆ ಇದೇ ತಲೆಬರಹ. ಆಡಳಿತ ಹದಗೆಟ್ಟಿದೆ ಎನ್ನುವ ಭಾಷಣಕಾರರಿಗೂ ಇದೇ ಆಧಾರ. ಹೀಗೆ ಬಳಸಿ ಬಳಸಿ, ಶರೀಫರು ತಮ್ಮ ಕಾಲದ ಆಡಳಿತವನ್ನು ಕಂಡು ಹೀಗೆ ಹಾಡಿದರು ಎಂಬ ಮಾತೂ ಹುಟ್ಟಿಕೊಂಡಿದೆ. ಆದರೆ ಮಾಳಿಗೆ ಯಾಕೆ ಸೋರುತ್ತಿದೆ ಎನ್ನುವುದಕ್ಕೆ ಹಾಡು ತಾನೇ ಕಾರಣ ಕೊಟ್ಟಿದೆ: ಅಜ್ಞಾನ. ಹುಳುಕು ಹಿಡಿದ ಜಂತಿ, ಮುರಿದ ತೊಲೆ, ಕತ್ತಲೆಯಲ್ಲಿ ಮೇಲೇರಿ ಸರಿಮಾಡಲಾರದ ಮನೆಯೊಡೆಯ, ಇವೆಲ್ಲ ದೇಹದ, ಮನಸ್ಸಿನ ಸ್ಥಿತಿಗಳು. ಸೋರುವ ಮನೆ ಹಾಡುವವನದೇ, ರಿಪೇರಿಯೂ ಅವನದೇ ಕೆಲಸ. ಹೊರಗಿನ ಒಬ್ಬ ಅರಸನನ್ನೋ ಅಧಿಕಾರಿಯನ್ನೋ ದೂರುವ ಒಂದು ಮಾತೂ ಅಲ್ಲಿಲ್ಲ. ದೂರನ್ನು ಪೂರಾ ತನ್ನ ಮೇಲೆ ಹಾಕಿಕೊಂಡ ಹಾಡನ್ನು ಇನ್ನೊಬ್ಬರ ಮೇಲಿನ ದೂರಾಗಿ ತಿರುಗಿಸಿದಾಗ ಅದರ ಜೀವವೇ ಹೋಗುತ್ತದೆ. ಈ ತಪ್ಪು ಓದಿನಿಂದ ನಿಜವಾಗಿ ನಷ್ಟವಾಗುವುದು ಹಾಡಿಗೆ. ಆದ್ದರಿಂದಲೇ ಇದನ್ನು ತಿದ್ದುವುದಕ್ಕೆ ಅರ್ಥವಿದೆ.

ಶರೀಫರ ‘ಕೋಡಗನ ಕೋಳಿ ನುಂಗಿತ್ತಾ’ ಇನ್ನೂ ಹೆಚ್ಚು ಎಳೆದಾಟಕ್ಕೆ ಸಿಕ್ಕಿದೆ. ಸಣ್ಣದು ದೊಡ್ಡದನ್ನು ನುಂಗುವ ಚಿತ್ರಗಳಿಂದ ಮೊದಲಾಗುವ ಈ ಹಾಡನ್ನು ಬಡವರು ಬಲ್ಲಿದರನ್ನು ಗೆಲ್ಲುವ ಕ್ರಾಂತಿಯ ಗೀತೆಯಾಗಿ, ಕಂಪನಿ ಆಳ್ವಿಕೆಯ ಮೇಲಿನ ಸಿಟ್ಟಾಗಿ ವಿವರಿಸುವವರಿದ್ದಾರೆ. ಶರೀಫರು 1858ರ ನರಗುಂದ ಬಂಡಾಯವನ್ನು ಕಂಡ ಸೀಮೆಯವರು, ಕಂಡ ಕಾಲದವರು ಎನ್ನುವುದು ಈ ಓದಿಗೆ ಬಲ ಕೊಡುವಂತೆ ತೋರುತ್ತದೆ. ಹಾಡನ್ನು ಕೊನೆಯ ತನಕ ಕೇಳಿದರೆ ಆ ವಿವರಣೆ ನಿಲ್ಲುವುದಿಲ್ಲ. ಮುಂದೆ ಬರುವ ನುಡಿಗಳಲ್ಲಿ ದೊಡ್ಡದು ಸಣ್ಣದನ್ನು ನುಂಗುವ ಚಿತ್ರಗಳೂ ಇವೆ, ಇರುವೆಯಂಥ ಜೀವಕ್ಕೂ ಬಿಡುಗಡೆಯಿಲ್ಲ. ಮಗ್ಗದ ಮುಂದೆ ಕೂತ ನೇಕಾರ, ಹೊಲದ ಒಕ್ಕಲಿಗ, ಕುಣಿಯಲು ಬಂದವಳು, ಇವರೆಲ್ಲ ತಮ್ಮ ಕೈಯ ಸಲಕರಣೆಗೇ ತುತ್ತಾಗುತ್ತಾರೆ. ದುಡಿಯುವವರನ್ನೇ ನುಂಗಿಸಿಬಿಟ್ಟ ಹಾಡು ದುಡಿಯುವವರ ವಿಜಯಗೀತೆ ಆಗುವುದು ಹೇಗೆ? ಕೊನೆಯಲ್ಲಿ ಗುರು ಗೋವಿಂದಭಟ್ಟರ ಪಾದ ಹಾಡುಗಾರನನ್ನೇ ನುಂಗುತ್ತದೆ. ‘ನಾನು’ ಎನ್ನುವುದು ಇಲ್ಲವಾಗುವ ತನಕದ ದಾರಿಯನ್ನು ತಲೆಕೆಳಗಾದ ಚಿತ್ರಗಳಲ್ಲಿ ಹೇಳುವ ಕ್ರಮ ಇದು. ಅಲ್ಲಮನ ಬೆಡಗಿನ ವಚನಗಳಲ್ಲೂ ಕಬೀರನ ಉಲಟಬಾಂಸಿಗಳಲ್ಲೂ ಇದೇ ಜಾಡಿದೆ. ಈ ಹಾಡುಗಳು ಸಿ. ಅಶ್ವಥ್ ಅವರ ದನಿಯಲ್ಲಿ, 1990ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ ಚಿತ್ರದಲ್ಲಿ ಮನೆಮನೆಗೆ ತಲಪಿದವು. ವೇದಿಕೆಯ ಮೇಲೆ ಪಲ್ಲವಿಯನ್ನು ಹಲವು ಸಲ ಎತ್ತರದ ದನಿಯಲ್ಲಿ ಹೇಳುವಾಗ ಕೊನೆಯ ನುಡಿ ಕಿವಿಯಿಂದ ಜಾರುವುದುಂಟು. ಕನ್ನಡದಲ್ಲಿ ಪಲ್ಲವಿಯಷ್ಟನ್ನೇ ನೆನಪಿಟ್ಟು ಅರ್ಥ ಹೇಳುವ ರೂಢಿಯೇ ಇಂಥ ಹೆಚ್ಚಿನ ತಪ್ಪುಗಳ ಮೂಲ ಎಂದು ಈ ಲೇಖಕನ ಅಭಿಪ್ರಾಯ.

ಪುರಂದರದಾಸರದೆಂದು ಪ್ರಸಿದ್ಧವಾದ ‘ಡೊಂಕು ಬಾಲದ ನಾಯಕರೆ’ಯನ್ನು ಇಂದಿನ ಮುಖಂಡರ ಮೇಲಿನ ವಿಡಂಬನೆಯಾಗಿ ಹಾಡುವುದೂ ಇದೇ ಬಗೆ. ಹಾಡಿನ ಮೊದಲಿನಿಂದ ಕೊನೆಯ ತನಕ ಇರುವುದು ಮನೆಮನೆಗೆ ನುಗ್ಗಿ ತಿಂದು ಪೆಟ್ಟು ತಿನ್ನುವ ನಾಯಿ. ಅದರ ಮೂಲಕ ಕಾಣುವುದು ಮನುಷ್ಯನ ಹೊಟ್ಟೆಬಾಕತನ. ಬೈಗುಳ ಎಲ್ಲರಿಗೂ ಸಲ್ಲುತ್ತದೆ, ಅಧಿಕಾರದಲ್ಲಿರುವವರಿಗೆ ಮಾತ್ರ ಅಲ್ಲ.

ಗೋವಿನ ಹಾಡು

‘ಗೋವಿನ ಹಾಡು’ ಕಾಸರಗೋಡಿನ ಕನ್ನಡ ಶಾಲೆಗಳಲ್ಲೂ ಘಟ್ಟದ ಮೇಲಣ ಶಾಲೆಗಳಲ್ಲೂ ಮಕ್ಕಳು ಬಾಯಿಪಾಠ ಮಾಡುತ್ತ ಬಂದ ಕಥನಗೀತೆ. ಕಾಳಿಂಗನೆಂಬ ಗೊಲ್ಲನ ಮಂದೆಯ ಪುಣ್ಯಕೋಟಿ ಎಂಬ ಹಸುವನ್ನು ಅರ್ಬುತನೆಂಬ ಹುಲಿ ತಡೆಯುತ್ತದೆ. ಕರುವಿಗೆ ಹಾಲೂಡಿ ಬರುತ್ತೇನೆಂದು ಭಾಷೆ ಕೊಟ್ಟ ಹಸು, ಕರುವನ್ನು ತನ್ನ ಜೊತೆಯ ಹಸುಗಳಿಗೆ ಒಪ್ಪಿಸಿ ಹಿಂದಿರುಗುತ್ತದೆ. ಹುಲಿ ನಾಚಿ ಪ್ರಾಣ ಬಿಡುತ್ತದೆ.

ಕಳೆದ ಕೆಲವು ದಶಕಗಳಲ್ಲಿ ಗೋಹತ್ಯೆಯ ಚರ್ಚೆ ಬಿಸಿಯಾದಂತೆ ಈ ಹಾಡು ಎರಡು ಕಡೆಯವರ ಕೈಗೂ ಸಿಕ್ಕಿತು. ಗೋರಕ್ಷಣೆಯ ಸಭೆಗಳಲ್ಲಿ ಇದನ್ನು ತಮ್ಮ ನಿಲುವಿನ ಪರವಾದ ಹಳೆಯ ಸಾಕ್ಷಿಯೆಂದು ಹಾಡುತ್ತಾರೆ. 2022ರಲ್ಲಿ ಕರ್ನಾಟಕ ಸರಕಾರ ಗೋಶಾಲೆಗಳ ಹಸುಗಳನ್ನು ದತ್ತು ಪಡೆಯುವ ಯೋಜನೆಗೆ ‘ಪುಣ್ಯಕೋಟಿ’ ಎಂದೇ ಹೆಸರಿಟ್ಟಿತು. ಎದುರು ಕಡೆಯ ವಿಮರ್ಶಕರು ಮಾಂಸಾಹಾರಿಯಾದ ಹುಲಿಯನ್ನು ಕೊಂದು ತೀರಿಸುವ ಕತೆಯಲ್ಲಿ ಒಂದು ಆಹಾರಕ್ರಮವನ್ನು ಕೀಳುಮಾಡುವ ಸಂಚನ್ನು ಕಾಣುತ್ತಾರೆ. ಎರಡು ಓದುಗಳೂ ಹಸು ಮತ್ತು ಹುಲಿಗಳಲ್ಲೇ ನಿಂತುಬಿಟ್ಟಿವೆ. ಕತೆ ನಿಂತಿರುವುದು ಕೊಟ್ಟ ಮಾತಿನ ಮೇಲೆ. ಯಾರೂ ಕಾಯದ, ಯಾರೂ ಹಿಡಿದು ತರದ ಹಸು ತಾನಾಗಿ ಮರಳಿ ಬರುವುದೇ ಕತೆಯ ನಡು. ಅದನ್ನು ಕಂಡು ಬಲಶಾಲಿಯ ಮನಸ್ಸು ಕರಗುವುದು ಅದರ ತುದಿ. ಹಸುವಿನ ಜಾಗದಲ್ಲಿ ಜಿಂಕೆಯನ್ನಿಟ್ಟರೂ ಕತೆ ನಡೆಯುತ್ತದೆ, ಮಾತು ಉಳಿಸಿಕೊಳ್ಳುವ ಸಂಗತಿಯನ್ನು ತೆಗೆದರೆ ನಡೆಯುವುದಿಲ್ಲ. ಹುಲಿಯ ಸಾವನ್ನು ಸೋಲೆಂದು ತಿಳಿಯುವುದೂ ಸರಿಯಲ್ಲ. ಆ ಸಾವಿನ ಹೊತ್ತಿನಲ್ಲಿ ಹಾಡು ಹುಲಿಯ ಬಾಯಲ್ಲಿ ಪಶ್ಚಾತ್ತಾಪದ ಮಾತಿಡುತ್ತದೆ, ಅದನ್ನು ಗೌರವದಿಂದ ಕಳಿಸಿಕೊಡುತ್ತದೆ.

ಸಾಹಿತ್ಯದಲ್ಲಿ ಈ ಹಾಡಿಗೆ ಬೇರೊಂದು ಬಾಳೂ ಇದೆ. ಎಸ್.ಎಲ್. ಭೈರಪ್ಪನವರ ‘ತಬ್ಬಲಿಯು ನೀನಾದೆ ಮಗನೆ’ ಕಾದಂಬರಿಯ ಹೆಸರೇ ಈ ಹಾಡಿನಿಂದ ಬಂದದ್ದು. ಅದನ್ನು ಗಿರೀಶ ಕಾರ್ನಾಡ ಮತ್ತು ಬಿ.ವಿ. ಕಾರಂತರು ಸಿನಿಮಾ ಮಾಡಿದರು. ಹಸುವನ್ನು ಕುರಿತ ನಂಬಿಕೆ ಮತ್ತು ಹೊಸ ಕಾಲದ ತಾಕಲಾಟ ಆ ಕೃತಿಗಳ ವಸ್ತು; ಅಲ್ಲಿಂದ ಮೂಲ ಹಾಡಿಗೆ ಅರ್ಥವನ್ನು ಹಿಮ್ಮುಖವಾಗಿ ತರಬಾರದು.

ಬಲೀಂದ್ರನ ಕರೆ, ಮಾವೇಲಿಯ ಹಾಡು

ತಪ್ಪು, ಸರಿ ಎಂದು ಸುಲಭವಾಗಿ ಗೆರೆ ಎಳೆಯಲಾಗದ ಪ್ರಕರಣ ಇದು. ದೀಪಾವಳಿಯ ರಾತ್ರಿ ತುಳುನಾಡಿನ ಮನೆಗಳಲ್ಲಿ ಹಾಲೆಮರದ ಗೂಟ ನೆಟ್ಟು, ಹೂ ಮುಡಿಸಿ, ದೀಪವಿಟ್ಟು, ಬಲೀಂದ್ರನನ್ನು ಕೂ ಹಾಕಿ ಕರೆಯುತ್ತಾರೆ. ಕರೆಯುವ ಮಾತಿನಲ್ಲಿ, ಲೋಕದಲ್ಲಿ ನಡೆಯಲಾರದ ಸಂಗತಿಗಳು ನಡೆದ ದಿನ ಬಂದು ನಿನ್ನ ರಾಜ್ಯವನ್ನು ಹಿಂದಕ್ಕೆ ಪಡೆದುಕೋ ಎಂಬ ಷರತ್ತುಗಳ ಸರಣಿ ಬರುತ್ತದೆ. ಕಾಸರಗೋಡಿನ ತೆಂಕಣ ಭಾಗದ ಕೆಲವು ಶಾಸ್ತಾ ಕ್ಷೇತ್ರಗಳಲ್ಲಿ ಇದೇ ಹಬ್ಬ ‘ಪೊಲಿಯಂದ್ರಂ’ ಎಂಬ ಹೆಸರಿನಲ್ಲಿ ನಡೆಯುತ್ತದೆ. ಅದೇ ಬಲಿಯನ್ನು ಮಲೆಯಾಳಿಗಳು ಓಣಂನಲ್ಲಿ ಮಾವೇಲಿಯೆಂದು ಸ್ವಾಗತಿಸುತ್ತಾರೆ. ಒಂದೇ ಊರಿನ ಎರಡು ಮನೆಗಳು ಒಬ್ಬನೇ ಅರಸನನ್ನು ಬೇರೆಬೇರೆ ತಿಂಗಳಲ್ಲಿ ಎದುರುಗೊಳ್ಳುವ ವಿಶೇಷ ಮುಳ್ಳೇರಿಯದಂಥ ಕಡೆಗಳಲ್ಲಿದೆ.

ಮಾವೇಲಿ ಆಳುತ್ತಿದ್ದಾಗ ಕಳವು, ಮೋಸ, ಮೇಲುಕೀಳು ಇರಲಿಲ್ಲವೆಂದು ಹೇಳುವ ಓಣಂ ಹಾಡನ್ನು ಸಮತಾವಾದದ ಘೋಷಣೆಯೆಂದು, ಕೇರಳದ ಎಡಪಂಥದ ಮೊದಲ ಪಾಠವೆಂದು ಹೇಳುವುದು ರೂಢಿ. ಜನಪದದಲ್ಲಿ ಬಂದ ಹಾಡು ಹೇಳುವುದು ಹಿಂದಿನ ಒಂದು ಸುವರ್ಣಯುಗವನ್ನು. ಮುಂದೆ ಅದನ್ನು ಸಾಧಿಸಬೇಕೆಂಬ ಕರೆ ಅದರಲ್ಲಿಲ್ಲ. ಆ ಕರೆಯನ್ನು ಸೇರಿಸಿದವರು ಸಮಾಜ ಸುಧಾರಕ ಸಹೋದರನ್ ಅಯ್ಯಪ್ಪನ್ (1889–1968). ಅವರು ಅದೇ ಮಟ್ಟಿನಲ್ಲಿ ಜಾತಿ ವ್ಯವಸ್ಥೆಯನ್ನು ನೇರವಾಗಿ ಎದುರಿಸುವ ಹಾಡು ಕಟ್ಟಿದರು. ಇಂದು ಬಹಳ ಮಂದಿಗೆ ಎರಡೂ ಬೆರೆತುಹೋಗಿ, ಹೊಸದರ ಅರ್ಥ ಹಳೆಯದಕ್ಕೂ ಅಂಟಿಕೊಂಡಿದೆ. ಮಹಾರಾಷ್ಟ್ರದಲ್ಲಿ ಜ್ಯೋತಿಬಾ ಫುಲೆ 1873ರ ‘ಗುಲಾಮಗಿರಿ’ಯಲ್ಲಿ ಬಲಿಯನ್ನು ದುಡಿಯುವ ಜನರ ಅರಸನಾಗಿ ಕಂಡರು. ಅದು ಅವರ ಕಾಣ್ಕೆ, ಅದಕ್ಕೆ ಅದರದೇ ಬೆಲೆಯಿದೆ.

ಬಲೀಂದ್ರನ ಕರೆಯ ವಿಷಯದಲ್ಲಿ ನನ್ನ ನಿಲುವು ಹೀಗಿದೆ. ನೆಲ ಕಳೆದುಕೊಂಡ ಅರಸನ ನೆನಪು ಕತೆಯಲ್ಲೇ ಇದೆ. ಆದ್ದರಿಂದ ಅಲ್ಲಿ ಅಧಿಕಾರದ ವಿಷಯ ಕಂಡವರು ಇಲ್ಲದ್ದನ್ನು ಕಂಡವರಲ್ಲ. ಆದರೆ ಗದ್ದೆಗೆ ದೀಪ ಒಯ್ದು ಕೂ ಹಾಕುವ ಒಕ್ಕಲು ಬೇಡುತ್ತಿರುವುದು ಪೊಲಿಯನ್ನು, ಬೆಳೆಯ ಸಮೃದ್ಧಿಯನ್ನು. ಹಾಡುವವರ ಈ ಬೇಡಿಕೆಯನ್ನು ಪಕ್ಕಕ್ಕೆ ತಳ್ಳಿ, ಇದು ಮರೆಯಲ್ಲಿ ಉಳಿದ ಪ್ರತಿಭಟನೆ ಮಾತ್ರ ಎಂದು ಬರೆಯುವುದು ಅವರ ಬಾಯಿಂದ ಹಾಡನ್ನು ಕಿತ್ತುಕೊಂಡಂತೆ.

ಪದ್ಯ ಮತ್ತು ಅರ್ಥ

ತೆಂಕುತಿಟ್ಟಿನ ಯಕ್ಷಗಾನ, ತಾಳಮದ್ದಲೆಗಳಲ್ಲಿ ಈ ತೊಡಕಿಗೆ ಒಂದು ವಿಶೇಷ ಕಾರಣವಿದೆ. ಭಾಗವತರು ಹಾಡುವ ಪದ್ಯ ಪ್ರಸಂಗಕವಿಯದು, ಹಲವು ಸಲ ನೂರಾರು ವರ್ಷ ಹಳೆಯದು. ಅದಕ್ಕೆ ಅರ್ಥ ಹೇಳುವವರು ಆ ಹೊತ್ತಿಗೆ ಮಾತು ಕಟ್ಟುತ್ತಾರೆ. ಸಮಕಾಲೀನ ರಾಜಕೀಯ ಬರುವುದು ಅರ್ಥದಲ್ಲಿ, ಪದ್ಯದಲ್ಲಿ ಅಲ್ಲ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿರುವ ‘ಅಂಗದ ಸಂಧಾನ’ದಲ್ಲಾಗಲಿ ‘ಕೃಷ್ಣ ಸಂಧಾನ’ದಲ್ಲಾಗಲಿ ರಾಯಭಾರ, ರಾಜ್ಯದ ಪಾಲು, ಕೊಟ್ಟ ಮಾತು ಮುರಿದವರು ಎಂಬ ವಿಷಯಗಳು ಬರುವಾಗ, ಗಡಿ ಬದಲಾದ ನಾಡಿನ ಕೇಳುಗರಿಗೆ ತಮ್ಮದೇ ಕತೆ ಕೇಳಿದಂತಾಗುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918–2006) ಅರ್ಥಧಾರಿಗಳು ಪುರಾಣದ ಪಾತ್ರದೊಳಗೆ ನಿಂತೇ ಕೇಳುಗರ ಕಾಲಕ್ಕೆ ತಾಗುವ ತರ್ಕ ಹೂಡಬಲ್ಲವರಾಗಿದ್ದರು. ಅವರ ಮಾತಿನ ಬಿಸಿಯಲ್ಲಿ ಕೂತವರು ಮನೆಗೆ ಹೋಗುವಾಗ ಪದ್ಯವನ್ನೂ ಆ ಅರ್ಥದೊಡನೆಯೇ ಒಯ್ಯುತ್ತಾರೆ. ಮರುವರ್ಷ ಅದೇ ಪದ್ಯಕ್ಕೆ ಎದುರು ಪಾತ್ರದವರು ಪೂರ್ತಿ ಬೇರೆ ಅರ್ಥ ಕಟ್ಟುತ್ತಾರೆ. ಪದ್ಯ ಎರಡಕ್ಕೂ ಎಡೆ ಕೊಡುತ್ತದೆ ಎಂಬುದೇ ಅದು ಯಾವುದೊಂದಕ್ಕೂ ಕಟ್ಟುಬಿದ್ದಿಲ್ಲ ಎನ್ನುವುದಕ್ಕೆ ರುಜುವಾತು.

ಪಕ್ಷದ ಹಾಡಾದ ರಾಷ್ಟ್ರದ ಹಾಡು

ಚುನಾವಣೆಯ ಸಮಯದಲ್ಲಿ ಕಾಸರಗೋಡಿನ ರಸ್ತೆಗಳಲ್ಲಿ ಓಡಾಡುವ ಜೀಪುಗಳಿಂದ ಕೇಳಿಬರುವ ಮಲೆಯಾಳ ಹಾಡುಗಳಲ್ಲಿ ‘ಬಲಿಕುಟೀರಙ್ಙಳೇ’ ಮುಖ್ಯವಾದದ್ದು. ವಯಲಾರ್ ರಾಮವರ್ಮ ಬರೆದು ಜಿ. ದೇವರಾಜನ್ ಸಂಗೀತ ಕೊಟ್ಟ ಇದನ್ನು ಕಮ್ಯುನಿಸ್ಟ್ ಪಕ್ಷದ ಹುತಾತ್ಮರಿಗಾಗಿ ಬರೆದದ್ದೆಂದೇ ಹೆಚ್ಚಿನವರು ತಿಳಿದಿದ್ದಾರೆ. ಅದು ಹುಟ್ಟಿದ್ದು 1957ರಲ್ಲಿ, 1857ರ ಹೋರಾಟದ ನೂರನೆಯ ವರ್ಷಕ್ಕಾಗಿ. ತಿರುವನಂತಪುರದ ಪಾಳಯಂನಲ್ಲಿ ಹುತಾತ್ಮ ಸ್ಮಾರಕವನ್ನು ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಉದ್ಘಾಟಿಸಿದ ಸಂದರ್ಭಕ್ಕೆ ಕಟ್ಟಿದ ಗೀತೆ. ಆಗ ರಾಜ್ಯದಲ್ಲಿದ್ದದ್ದು ಇ.ಎಂ.ಎಸ್. ನಂಬೂದಿರಿಪಾಡರ ಸರಕಾರ, ಕವಿ ಮತ್ತು ಸಂಗೀತಗಾರ ಇಬ್ಬರೂ ಎಡಪಂಥಕ್ಕೆ ಹತ್ತಿರದವರು, ಮುಂದೆ ಕೆ.ಪಿ.ಎ.ಸಿ. ನಾಟಕ ತಂಡ ಅದನ್ನು ರಂಗಕ್ಕೆ ಒಯ್ದಿತು. ಹೀಗೆ ಪಕ್ಷದ ಹಾಡೆಂಬ ತಿಳಿವಳಿಕೆ ಬೆಳೆದದ್ದು ಅಚ್ಚರಿಯಲ್ಲ. ಇಲ್ಲಿನ ತಪ್ಪು ರಾಜಕೀಯ ಇದೆ, ಇಲ್ಲ ಎಂಬುದರದಲ್ಲ. ದೇಶದ ಸ್ವಾತಂತ್ರ್ಯಕ್ಕೆ ಸತ್ತವರೆಲ್ಲರಿಗೆ ಸಲ್ಲಿಸಿದ ವಂದನೆಯನ್ನು ಒಂದು ಪಕ್ಷದ ಗಡಿಯೊಳಗೆ ತಂದದ್ದು ಈ ತಪ್ಪಿನ ಸ್ವರೂಪ.

ಜನಗಣಮನ

ಭಾರತದಲ್ಲಿ ಈ ವರ್ಗದ ಅತ್ಯಂತ ಹೆಸರುವಾಸಿ ಪ್ರಕರಣ ರಾಷ್ಟ್ರಗೀತೆಯದೇ. ರವೀಂದ್ರನಾಥ ಠಾಕೂರರು ಇದನ್ನು ಐದನೆಯ ಜಾರ್ಜ್ ದೊರೆಯನ್ನು ಹೊಗಳಿ ಬರೆದರು ಎಂಬ ಮಾತು ನೂರು ವರ್ಷ ದಾಟಿದರೂ ಸಾಯಲಿಲ್ಲ. 1911ರ ಡಿಸೆಂಬರ್ 12ರ ದಿಲ್ಲಿ ದರ್ಬಾರಿನಲ್ಲಿ ದೊರೆ ಬಂಗಾಳದ ವಿಭಜನೆಯನ್ನು ರದ್ದುಮಾಡಿದ. ಅದೇ ತಿಂಗಳ ಕೊನೆಗೆ ಕಲ್ಕತ್ತೆಯಲ್ಲಿ ಕಾಂಗ್ರೆಸ್ ಅಧಿವೇಶನ. 27ರಂದು ಠಾಕೂರರ ಹಾಡು ಹಾಡಲಾಯಿತು. ಅದೇ ದಿನ ದೊರೆಗೆ ಸ್ವಾಗತ ಕೋರುವ ನಿರ್ಣಯವಾಯಿತು, ದೊರೆಯ ಗೌರವಕ್ಕಾಗಿಯೇ ಬರೆದ ಬೇರೊಂದು ಹಿಂದಿ ಹಾಡೂ ನಡೆಯಿತು. ಇಂಗ್ಲಿಷ್ ಪತ್ರಿಕೆಗಳ ವರದಿಗಾರರು ಎರಡು ಹಾಡುಗಳನ್ನು ಒಂದರೊಳಗೊಂದು ಬೆರೆಸಿ, ಠಾಕೂರರ ಹಾಡೇ ದೊರೆಗೆಂದು ಬರೆದರು. ಮುಂದಿನ ತಿಂಗಳು ‘ತತ್ತ್ವಬೋಧಿನಿ ಪತ್ರಿಕೆ’ಯಲ್ಲಿ ಅದು ಬ್ರಹ್ಮಸಂಗೀತವೆಂದು, ಅಂದರೆ ದೇವರ ಸ್ತುತಿಯೆಂದು, ಅಚ್ಚಾಯಿತು ಎಂಬುದನ್ನು ವರದಿ ಓದಿದವರು ಗಮನಿಸಲಿಲ್ಲ.

1937ರ ನವೆಂಬರ್ 10ರಂದು ಪುಲಿನ್ ಬಿಹಾರಿ ಸೇನರಿಗೆ ಬರೆದ ಪತ್ರದಲ್ಲಿ ಠಾಕೂರರೇ ಇದನ್ನು ಬಿಡಿಸಿ ಹೇಳಿದ್ದಾರೆ. ಆಸ್ಥಾನಕ್ಕೆ ಬೇಕಾದವರೊಬ್ಬರು ದೊರೆಯ ಸ್ತುತಿ ಬರೆದುಕೊಡಬೇಕೆಂದು ಕೇಳಿದಾಗ ತಮಗೆ ಅಚ್ಚರಿಯೂ ಕಳವಳವೂ ಆಯಿತೆಂದೂ, ಯುಗಯುಗಗಳಿಂದ ಭಾರತದ ತೇರನ್ನು ನಡೆಸುವ ಭಾಗ್ಯವಿಧಾತನನ್ನೇ ತಾವು ಹಾಡಿದ್ದೆಂದೂ, ಆ ಸಾರಥಿ ಯಾವ ಜಾರ್ಜನೂ ಆಗಲಾರನೆಂದೂ ಅವರು ತಿಳಿಸಿದರು. ನಾವು ಹಾಡುವುದು ಮೊದಲ ನುಡಿ ಮಾತ್ರ. ಮುಂದಿನ ನುಡಿಗಳನ್ನು ಓದಿದವರಿಗೆ ಸಂಶಯ ಉಳಿಯುವುದಿಲ್ಲ. ಅಲ್ಲಿ ಅದೇ ವಿಧಾತನನ್ನು ತಾಯಿಯೆಂದೂ ಕರೆಯಲಾಗಿದೆ. ಇಲ್ಲಿಯೂ ತಪ್ಪಿನ ಬೇರು ಹಾಡಿನ ಒಂದು ತುಂಡನ್ನಷ್ಟೇ ತಿಳಿದಿರುವುದರಲ್ಲಿದೆ. 1950ರ ಜನವರಿ 24ರಂದು ಅದನ್ನು ರಾಷ್ಟ್ರಗೀತೆಯಾಗಿ ಸ್ವೀಕರಿಸಿದಾಗ ವಾದ ಮುಗಿಯಬೇಕಿತ್ತು.

ಮಾತಿಗಿಂತ ಮಟ್ಟೇ ದಾರಿ ತಪ್ಪಿಸುವುದೂ ಉಂಟು. ಮುತ್ತುಸ್ವಾಮಿ ದೀಕ್ಷಿತರ (1775–1835) ಪಾಶ್ಚಾತ್ಯ ಮಟ್ಟುಗಳಿಗೆ ಕಟ್ಟಿದ ನೋಟ್ಟುಸ್ವರಗಳಲ್ಲೊಂದಾದ ‘ಸಂತತಂ ಪಾಹಿಮಾಂ’ ಬ್ರಿಟಿಷರ ರಾಷ್ಟ್ರಗೀತೆಯ ಮಟ್ಟಿನಲ್ಲಿದೆ. ಮಟ್ಟಿನ ಗುರುತು ಸಿಕ್ಕಿದವರು ರಾಜಭಕ್ತಿಯನ್ನು ಊಹಿಸಬಹುದು. ಸಾಹಿತ್ಯ ಮಾತ್ರ ಸಂಗೀತಶ್ಯಾಮಲೆಯ ಸ್ತುತಿ. ಇದರ ಎದುರು ತುದಿಯಲ್ಲಿ ಬಸವಪ್ಪ ಶಾಸ್ತ್ರಿಗಳ ‘ಕಾಯೌ ಶ್ರೀ ಗೌರಿ’ ಇದೆ: ರೂಪದಲ್ಲಿ ದೇವಿಯ ಪ್ರಾರ್ಥನೆ, ಸ್ಥಾನದಲ್ಲಿ ಮೈಸೂರು ಸಂಸ್ಥಾನದ ನಾಡಗೀತೆ. ಅದನ್ನು ರಾಜಕೀಯವೆಂದರೆ ತಪ್ಪಾಗದು.

ಪೊಲೀಸರ ಓದು

ಹಾಡಿನಲ್ಲಿ ಬಂಡಾಯ ಹುಡುಕುವ ಕೆಲಸವನ್ನು ಬ್ರಿಟಿಷ್ ಆಡಳಿತ ಶ್ರದ್ಧೆಯಿಂದ ಮಾಡಿತು. ಮಲಬಾರಿನ ಪೊಲೀಸ್ ಅಧಿಕಾರಿ ಎಫ್. ಫಾಸೆಟ್ 1901ರಲ್ಲಿ ಮಾಪಿಳ್ಳೆಗಳ ಯುದ್ಧದ ಹಾಡುಗಳ ಮೇಲೆ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಬರೆದರು. ಮಾಪಿಳ್ಳೆ ದಂಗೆಗಳ ಹಿಂದೆ ಈ ಹಾಡುಗಳ ಪ್ರೇರಣೆ ಇದೆ ಎಂಬ ಗುಮಾನಿ ಅಧಿಕಾರಿಗಳಲ್ಲಿತ್ತು. ಮೋಯಿನ್‌ಕುಟ್ಟಿ ವೈದ್ಯರ ‘ಬದರ್ ಪಡಪ್ಪಾಟ್ಟ್’ ಹೇಳುವುದು ಏಳನೆಯ ಶತಮಾನದ ಅರಬ್ ನಾಡಿನ ಯುದ್ಧವನ್ನು. ಅದನ್ನು ಮನೆಗಳಲ್ಲಿ, ಮದುವೆಗಳಲ್ಲಿ ಕೇಳುತ್ತ ಬಂದವರಿಗೆ ಅದು ಭಕ್ತಿಯ ಕಾವ್ಯ, ಇಶಲ್ ಎಂಬ ಮಟ್ಟಿನ ಸೊಗಸು. ಕಾಸರಗೋಡಿನ ಮೊಗ್ರಾಲು ಇಂಥ ಹಾಡುಗಬ್ಬಗಳಿಗೆ ಹೆಸರಾದ ಊರು.

ಗುಮಾನಿ ಸದಾ ಸುಳ್ಳಾಗಿರಲಿಲ್ಲ. ಜೆ.ಎಫ್. ಫ್ಲೀಟ್ ಅದೇ ಪತ್ರಿಕೆಯಲ್ಲಿ 1885ರಿಂದ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣನ ಕತೆಯಿದೆ, ಹಲಗಲಿಯ ಬೇಡರ ದಂಗೆಯಿದೆ, ಆದಾಯ ತೆರಿಗೆಯ ಮೇಲಿನ ಹಾಡೂ ಇದೆ. ಜನ ತಮ್ಮ ರಾಜಕೀಯವನ್ನು ಹೇಳಬೇಕಾದಾಗ ಹೆಸರು, ಊರು ಹಿಡಿದು ಹೇಳಿದ್ದಾರೆ ಎನ್ನುವುದಕ್ಕೆ ಈ ಲಾವಣಿಗಳೇ ಸಾಕ್ಷಿ. ದ.ರಾ. ಬೇಂದ್ರೆಯವರನ್ನು ‘ನರಬಲಿ’ ಕವಿತೆಗಾಗಿ 1932ರಲ್ಲಿ ಸೆರೆಗೆ ಹಾಕಿದ್ದೂ ಕವಿತೆಯ ಅರ್ಥ ತಿಳಿದೇ. ಅದೇ ಬೇಂದ್ರೆಯವರು ಮಗುವಿನ ಸಾವಿನಲ್ಲಿ ಹೆಂಡತಿಯ ಮುಖ ನೋಡಲಾರದೆ ಬರೆದ ‘ನೀ ಹೀಂಗ ನೋಡಬ್ಯಾಡ ನನ್ನ’ ಇಂದಿಗೂ ಹಲವರಿಗೆ ಪ್ರಣಯಗೀತೆ. ಹುಟ್ಟಿದ ಸಂದರ್ಭ ಮರೆತರೆ ಅರ್ಥ ಯಾವ ಕಡೆಗೂ ಹರಿಯಬಹುದು.

ಹೊರಗಿನ ಕೆಲವು ಉದಾಹರಣೆಗಳು

1937ರಲ್ಲಿ ಝೌ ಷ್ವಾನ್ ಹಾಡಿದ, ಅಗಲುವ ಪ್ರಿಯನನ್ನು ಮತ್ತೆ ಯಾವಾಗ ಬರುವೆಯೆಂದು ಕೇಳುವ ಚೀನೀ ಪ್ರೇಮಗೀತೆಯನ್ನು ಜಪಾನಿ ಆಡಳಿತ, ಚೀನಾದ ರಾಷ್ಟ್ರವಾದಿ ಸರಕಾರ, ಕಮ್ಯುನಿಸ್ಟ್ ಸರಕಾರ ಮೂರೂ ಒಂದೊಂದು ಕಾಲಕ್ಕೆ ಶಂಕಿಸಿದವು. ಬರಬೇಕಾದವನು ಯಾರೆಂದು ಪ್ರತಿಯೊಬ್ಬರೂ ತಮ್ಮ ಶತ್ರುವನ್ನೇ ಊಹಿಸಿಕೊಂಡರು. ದಕ್ಷಿಣ ಕೊರಿಯಾದ ಕಿಮ್ ಮಿನ್‌ಗಿ ಬರೆದು 1971ರಲ್ಲಿ ಹೊರಬಂದ ‘ಬೆಳಗಿನ ಇಬ್ಬನಿ’ಯನ್ನು 1975ರಲ್ಲಿ ಸರಕಾರ ನಿಷೇಧಿಸಿತು. ಹಾಡಿನ ಕೆಂಪು ಸೂರ್ಯ ಅಧಿಕಾರಿಗಳಿಗೆ ಕಮ್ಯುನಿಸಮ್ಮಾಗಿ ಕಂಡಿತು. ತಾನು ಪ್ರತಿಭಟನೆಯ ಹಾಡು ಬರೆಯಲಿಲ್ಲವೆಂದು ಕವಿ ಹೇಳಿದರೂ ನಿಷೇಧವೇ ಅದನ್ನು ವಿದ್ಯಾರ್ಥಿ ಚಳವಳಿಯ ಗೀತೆಯಾಗಿ ಮಾಡಿತು. ಸರಕಾರದ ತಪ್ಪು ಓದು ಹೀಗೆ ತಾನೇ ನಿಜವಾಗುವುದುಂಟು. ಅಮೆರಿಕದಲ್ಲಿ 1964ರ ‘ಡಾನ್ಸಿಂಗ್ ಇನ್ ದ ಸ್ಟ್ರೀಟ್’ ಹಾಡನ್ನು ಕಪ್ಪು ಜನರ ದಂಗೆಗೆ ಕರೆಯೆಂದು ಕೇಳಿದವರಿದ್ದರು. ಹಾಡಿದ ಮಾರ್ಥಾ ರೀವ್ಸ್ ಅದು ಸಂತೋಷದ ಹಾಡೆಂದೇ ಹೇಳುತ್ತ ಬಂದರು. ಪೋರ್ಚುಗಲ್‌ನಲ್ಲಿ 1974ರ ಏಪ್ರಿಲ್ ಕ್ರಾಂತಿಗೆ ಮೊದಲ ಸಂಕೇತವಾಗಿ ಸೈನಿಕರು ಆರಿಸಿದ್ದು ಒಂದು ಪ್ರೇಮಗೀತೆಯನ್ನು. ಅದರಲ್ಲಿ ರಾಜಕೀಯ ಇಲ್ಲದ್ದರಿಂದಲೇ ರೇಡಿಯೋದಲ್ಲಿ ಕೇಳಿದ ಯಾರಿಗೂ ಸಂಶಯ ಬರಲಿಲ್ಲ.

ಇಂಗ್ಲಿಷ್ ಶಿಶುಗೀತೆಗಳಲ್ಲಿ ರಾಜರಾಣಿಯರ ಗುಟ್ಟು ಹುಡುಕುವ ಹವ್ಯಾಸ ಒಂದು ಕಾಲದಲ್ಲಿ ಬಲವಾಗಿತ್ತು. ಅಯೋನಾ ಮತ್ತು ಪೀಟರ್ ಓಪಿ ದಂಪತಿ 1951ರ ತಮ್ಮ ಶಿಶುಗೀತೆಗಳ ನಿಘಂಟಿನಲ್ಲಿ ಇವುಗಳಲ್ಲಿ ಹೆಚ್ಚಿನವಕ್ಕೆ ಆಧಾರವಿಲ್ಲವೆಂದು ತೋರಿಸಿದರು. ನಮ್ಮ ಮಕ್ಕಳ ಹಾಡಿನಲ್ಲಿ ಬಿಜಾಪುರದಿಂದ ಬರುವ ಆನೆಯನ್ನು ಆದಿಲ್‌ಶಾಹಿ ದಂಡಿಗೆ ಗಂಟು ಹಾಕುವ ಮುನ್ನ ಆ ನಿಘಂಟಿನ ಎಚ್ಚರವನ್ನು ನೆನೆಯುವುದು ಒಳ್ಳೆಯದು.

ಹಾಡದೆ ಇದ್ದುದಕ್ಕೆ ಹೊರಿಸಿದ ಅರ್ಥ

ಹಾಡಿಗೆ ಮಾತ್ರವಲ್ಲ, ಹಾಡದೆ ನಿಂತುದಕ್ಕೂ ರಾಜಕೀಯ ಅರ್ಥ ಹಚ್ಚಿದ ಪ್ರಕರಣ ಕೇರಳದಲ್ಲೇ ನಡೆಯಿತು. 1985ರಲ್ಲಿ ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಮೂವರು ಮಕ್ಕಳು ಶಾಲೆಯಲ್ಲಿ ರಾಷ್ಟ್ರಗೀತೆಯ ಹೊತ್ತಿಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ತಮ್ಮ ದೇವರಿಗಲ್ಲದೆ ಬೇರೆ ಯಾವುದಕ್ಕೂ ಸ್ತುತಿ ಸಲ್ಲದೆಂಬುದು ಆ ಪಂಥದವರ ನಂಬಿಕೆ. ಲೋಕದ ಬೇರೆ ದೇಶಗಳಲ್ಲೂ ಅವರು ಹೀಗೆಯೇ ನಡೆದುಕೊಳ್ಳುತ್ತಾರೆ. ಶಾಸಕರೊಬ್ಬರು ಇದನ್ನು ದೇಶಭಕ್ತಿಗೆ ವಿರೋಧವೆಂದು ತಿಳಿದು ಸದನದಲ್ಲಿ ಪ್ರಶ್ನೆ ಎತ್ತಿದರು. ಸರಕಾರ ನೇಮಿಸಿದ ಆಯೋಗ ಮಕ್ಕಳ ನಡತೆಯಲ್ಲಿ ಯಾವ ಅಗೌರವವನ್ನೂ ಕಾಣಲಿಲ್ಲ. ಆದರೂ ಶಾಲೆ ಅವರನ್ನು ಹೊರಗೆ ಹಾಕಿತು. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಮತ್ತು ನ್ಯಾಯಮೂರ್ತಿ ಎಂ.ಎಂ. ದತ್ತ್ ತೀರ್ಪು ಕೊಟ್ಟರು. ರಾಷ್ಟ್ರಗೀತೆ ಹಾಡಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ, ಎದ್ದು ನಿಂತವರು ಅಗೌರವ ತೋರಿದಂತಾಗದು ಎಂದು ಹೇಳಿ, ಮಕ್ಕಳನ್ನು ಮತ್ತೆ ಶಾಲೆಗೆ ಸೇರಿಸಿಕೊಳ್ಳುವಂತೆ ಆದೇಶಿಸಿದರು.